ಹಳೆ ಇಟ್ಟಿಗೆ ಮನೆಯ ಕಿಟಕಿ ಅಗಲ ಮಾಡುವಾಗ: ಲಿಂಟಲ್ ಮೊದಲು, ಗೋಡೆ ಒಡೆಯುವುದು ಆಮೇಲೆ

ಮೂರು ಅಡಿ ಕಿಟಕಿಯನ್ನು ಆರು ಅಡಿ ಮಾಡೋಣ ಅಂತ ಹೊರಟಾಗ ಸಾಮಾನ್ಯವಾಗಿ ಆಗುವುದು ಹೀಗೆ. ಮೊದಲ ದಿನವೇ ಹಳೆ ಚೌಕಟ್ಟು ಕೀಳುತ್ತಾರೆ. ಎರಡೂ ಪಕ್ಕದ ಗೋಡೆಗೆ ಸುತ್ತಿಗೆ ಬೀಳುತ್ತದೆ. ಲಿಂಟಲ್ (ಕಿಟಕಿಯ ಬಾಯಿಯ ಮೇಲೆ ಅಡ್ಡ ಕೂತು ಗೋಡೆಯ ಭಾರ ಹೊರುವ ತೊಲೆ) ವಿಷಯ ಸಂಜೆ ನೋಡೋಣ ಅನ್ನುತ್ತಾರೆ. ಕೆಲವು ಸಲ ಏನೂ ಆಗುವುದಿಲ್ಲ, ಅದರಿಂದಲೇ ಈ ಪದ್ಧತಿ ಉಳಿದುಕೊಂಡಿದೆ. ಆದರೆ ಆ ಕೆಲವು ಗಂಟೆ ಮೇಲಿನ ಗೋಡೆ, ತಾರಸಿ ಎರಡೂ ಬರೀ ಹಳೆ ಗಾರೆಯ ಹಿಡಿತದಲ್ಲಿ ನಿಂತಿರುತ್ತವೆ. ಕೆಳಗೆ ಜನ ಕೆಲಸ ಮಾಡುತ್ತಿರುತ್ತಾರೆ.

ಸರಿಯಾದ ಕ್ರಮ ಇದಕ್ಕೆ ಪೂರ್ತಿ ಉಲ್ಟಾ. ಹೊಸ ಲಿಂಟಲ್ ಗೋಡೆಯೊಳಗೆ ಕೂರಬೇಕು, ಮೇಲಿನ ಭಾರ ಅದರ ಮೇಲೆ ಬರಬೇಕು, ಆಮೇಲಷ್ಟೇ ಅದರ ಕೆಳಗಿನ ಇಟ್ಟಿಗೆ ತೆಗೆಯಬೇಕು. ಈ ಲೇಖನದ ಎಲ್ಲ ಹಂತಗಳೂ ಇದೊಂದನ್ನು ಸಾಧಿಸುವುದಕ್ಕೇ ಇರುವುದು.

ಮೇಲೆ ಎಷ್ಟು ಭಾರ ಇದೆ?

ಇಟ್ಟಿಗೆ ಗೋಡೆಗೆ ಒಂದು ಒಳ್ಳೆಯ ಗುಣ ಇದೆ. ಕೆಳಗೆ ಬಾಯಿ ತೆರೆದರೆ ಮೇಲಿನ ಭಾರ ಕಮಾನಿನ ಹಾಗೆ ಎರಡೂ ಪಕ್ಕಕ್ಕೆ ಹರಿದು ಹೋಗುತ್ತದೆ. ಲಿಂಟಲ್ ಮೇಲೆ ನೇರವಾಗಿ ಬೀಳುವುದು ಒಂದು ತ್ರಿಕೋನದಷ್ಟು ಇಟ್ಟಿಗೆ ಮಾತ್ರ. ಸಾಮಾನ್ಯ ಲೆಕ್ಕಕ್ಕೆ ಆ ತ್ರಿಕೋನದ ಮೂರೂ ಬದಿ ಸಮ ಅಂತ ಹಿಡಿಯುತ್ತಾರೆ. ಆರು ಅಡಿ ಕಿಟಕಿಗೆ ತ್ರಿಕೋನದ ಎತ್ತರ ಸುಮಾರು 5.2 ಅಡಿ. 9 ಇಂಚಿನ ಗೋಡೆಯಾದರೆ ಅಷ್ಟು ಇಟ್ಟಿಗೆಯ ತೂಕ 600ರಿಂದ 650 ಕೆಜಿ.

ಇದು ಜಾಸ್ತಿ ಅನಿಸುವುದಿಲ್ಲ, ಅಲ್ವಾ? ಆದರೆ ಕಿಟಕಿಯ ಮೇಲಂಚಿನಿಂದ ತಾರಸಿಗೆ ಎಷ್ಟು ಎತ್ತರ ಇದೆ ಅಂತ ಒಮ್ಮೆ ಅಳೆದು ನೋಡಿ. ಹೆಚ್ಚಿನ ಮನೆಗಳಲ್ಲಿ ಅದು ಮೂರು ಅಡಿ ಇದ್ದರೆ ಹೆಚ್ಚು. ಅಂದರೆ ತ್ರಿಕೋನ ಪೂರ್ತಿ ಆಗುವ ಮೊದಲೇ ತಾರಸಿ ಸಿಕ್ಕಿಬಿಡುತ್ತದೆ, ತಾರಸಿಯ ಭಾರವೂ ಲಿಂಟಲ್ ಮೇಲೆಯೇ ಬರುತ್ತದೆ. ಹನ್ನೆರಡು ಅಡಿ ಅಗಲದ ಕೋಣೆಯ ಮೇಲಿನ ಕಾಂಕ್ರೀಟ್ ತಾರಸಿ ಈ ಗೋಡೆಯ ಮೇಲೆ ಕೂತಿದ್ದರೆ, ಆರು ಅಡಿ ಉದ್ದಕ್ಕೆ ಅದರ ಪಾಲು ಸುಮಾರು ಎರಡು ಟನ್. ಗೋಡೆಯ ತೂಕ ಬೇರೆ. ಮೂರು ಅಡಿ ಕಿಟಕಿಗೆ ಹಾಕಿದ್ದ ಅಳತೆಯ ಲಿಂಟಲನ್ನೇ ಉದ್ದ ಮಾಡಿ ಹಾಕಿದರೆ ಸಾಲದು. ಸಮನಾಗಿ ಹರಡಿದ ಭಾರವಿರುವಾಗ ಉದ್ದ ಎರಡು ಪಟ್ಟಾದರೆ ಲಿಂಟಲನ್ನು ಬಗ್ಗಿಸುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಅಳತೆ ತೀರ್ಮಾನಿಸುವ ಕೆಲಸ ಕಟ್ಟಡದ ಎಂಜಿನಿಯರ್‌ಗೆ ಬಿಡಿ. ಅವರಿಗೆ ನೀವು ಕೊಡಬೇಕಾದ್ದು: ಗೋಡೆಯ ದಪ್ಪ, ಹೊಸ ಕಿಟಕಿಯ ಅಗಲ, ಮೇಲಿನ ಗೋಡೆಯ ಎತ್ತರ, ತಾರಸಿ ಯಾವ ಗೋಡೆಗಳ ಮೇಲೆ ಕೂತಿದೆ, ಮೇಲೆ ಇನ್ನೊಂದು ಮಹಡಿ ಇದೆಯಾ, ನೀರಿನ ಟ್ಯಾಂಕ್ ಇದೆಯಾ.

ಕೆಲವು ಮನೆಗಳಲ್ಲಿ ಈ ಕೆಲಸ ಶುರು ಮಾಡುವುದೇ ಬೇಡ, ಅಥವಾ ಎಂಜಿನಿಯರ್ ಬಂದು ನೋಡುವವರೆಗೆ ಬೇಡ. ಕಿಟಕಿಯ ನೇರ ಮೇಲೆ ತೊಲೆಯ ತುದಿ ಗೋಡೆಗೆ ಕೂತಿದ್ದರೆ ನಿಲ್ಲಿಸಿ. ಇಡೀ ಮನೆ ಸುತ್ತ ಒಂದೇ ಪಟ್ಟಿಯಾಗಿ ಹೋಗುವ ಕಾಂಕ್ರೀಟ್ ಲಿಂಟಲ್ ಇದ್ದರೆ ಅದನ್ನು ಕತ್ತರಿಸಬೇಡಿ. ಭೂಕಂಪ ಆದಾಗ ಗೋಡೆಗಳನ್ನು ಕಟ್ಟಿ ಹಿಡಿಯುವುದು ಆ ಪಟ್ಟಿಯೇ. ಮನೆಯ ಮೂಲೆಗೆ, ಪಕ್ಕದ ಇನ್ನೊಂದು ಕಿಟಕಿಗೆ ಕನಿಷ್ಠ ಎರಡು ಅಡಿ ಗೋಡೆ ಉಳಿಯಲೇಬೇಕು. ಉಳಿದ ಆ ತುಂಡು ಗೋಡೆಯೇ ಇನ್ನು ಮುಂದೆ ಹೆಚ್ಚಿನ ಭಾರ ಹೊರುವುದು.

ಹಳೆ ಗೋಡೆಯನ್ನು ಮೊದಲು ನೋಡಿಕೊಳ್ಳಿ

ಒಂದು ಕಡೆ ಅಂಗೈಯಗಲ ಗಿಲಾವು ಕೆತ್ತಿ ತೆಗೆಯಿರಿ. ಇಟ್ಟಿಗೆ ಸಂದಿನ ಗಾರೆಯನ್ನು ಬೀಗದ ಕೈಯಿಂದ ಗೀರಿ. ಪುಡಿಪುಡಿಯಾಗಿ ಉದುರಿದರೆ ಅದು ಹಳೆ ಸುಣ್ಣದ ಗಾರೆ ಅಥವಾ ಮಣ್ಣಿನ ಗಾರೆ. ಅಂಥ ಗೋಡೆಯಲ್ಲಿ ಕಮಾನಿನ ಗುಣವನ್ನು ಪೂರ್ತಿ ನಂಬಬೇಡಿ, ಆಸರೆಗಳನ್ನು ಹತ್ತಿರ ಹತ್ತಿರ ಕೊಡಿ. ಗೋಡೆಯ ದಪ್ಪ ನೋಡಿ. 9 ಇಂಚೋ, 13 ಇಂಚೋ, ಅಥವಾ ಬರೀ ನಾಲ್ಕೂವರೆ ಇಂಚೋ ಅನ್ನುವುದರ ಮೇಲೆ ಮುಂದಿನ ವಿಧಾನವೇ ಬದಲಾಗುತ್ತದೆ. ತುಂಬ ದಪ್ಪ ಗೋಡೆಯಾದರೆ ಒಳಗೆ ಹೊರಗೆ ಎರಡು ಸಾಲು ಇಟ್ಟಿಗೆ ಕಟ್ಟಿ ನಡುವೆ ಚೂರು ಕಲ್ಲು, ಮಣ್ಣು ತುಂಬಿರಬಹುದು. ಒಂದು ತೂತು ಕೊರೆದು ಖಚಿತ ಮಾಡಿಕೊಳ್ಳಿ.

ಈಗಾಗಲೇ ಇರುವ ಬಿರುಕುಗಳ ಫೋಟೊ ತೆಗೆದಿಡಿ. ಬಿರುಕಿನ ತುದಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಬಿರುಕಿನ ಮೇಲೆ ಅಡ್ಡಲಾಗಿ ಜಿಪ್ಸಮ್ ಪ್ಲಾಸ್ಟರ್‌ನ ತೆಳ್ಳನೆ ಬಿಲ್ಲೆ ಹಚ್ಚಿಡಿ. ಕೆಲಸದ ನಡುವೆ ಗೋಡೆ ಅಲುಗಿದರೆ ಮೊದಲು ಒಡೆಯುವುದು ಆ ಬಿಲ್ಲೆ. ದಿನಾ ಬೆಳಗ್ಗೆ ಸಂಜೆ ಅದನ್ನು ನೋಡುವ ಅಭ್ಯಾಸ ಇರಲಿ.

ಗೋಡೆಯೊಳಗಿನ ವೈರು, ನೀರಿನ ಪೈಪು ಎಲ್ಲಿ ಹೋಗಿವೆ ಅಂತ ತಿಳಿದುಕೊಂಡು ಆ ಭಾಗದ ಕರೆಂಟ್ ತೆಗೆಸಿ. ಹೊರಗೋಡೆ ಬದಲಾಯಿಸಲು ಸ್ಥಳೀಯ ಆಡಳಿತದ ಅನುಮತಿ ಬೇಕಾದರೆ ಅದನ್ನೂ ಈಗಲೇ ಮುಗಿಸಿ.

ಹಳೆ ಕಿಟಕಿಯ ಮೇಲೆ ಕಾಂಕ್ರೀಟ್ ಸಜ್ಜಾ ಇದೆಯಾ? ಹಾಗಿದ್ದರೆ ಇದನ್ನು ಎರಡು ಸಲ ಓದಿ. ಸಜ್ಜಾ ಹೊರಗೆ ಚಾಚಿಕೊಂಡು ನಿಂತಿರುವುದು ಅದರ ಲಿಂಟಲ್ ಮೇಲೆ ಗೋಡೆ ಒತ್ತಿ ಕೂತಿರುವುದರಿಂದ. ಆ ಗೋಡೆಯನ್ನು ಕೊರೆದರೆ ಒತ್ತಡ ಹೋಗುತ್ತದೆ, ಸಜ್ಜಾ ಮುಂದಕ್ಕೆ ಮಗುಚಿಕೊಳ್ಳಬಹುದು. ಆದ್ದರಿಂದ ಎಲ್ಲಕ್ಕಿಂತ ಮೊದಲು ಸಜ್ಜಾದ ಕೆಳಗೆ ಜಾಕ್ (ತಿರುಗಿಸಿ ಎತ್ತರ ಹೊಂದಿಸುವ ಉಕ್ಕಿನ ಆಸರೆ ಕಂಬ) ಕೊಟ್ಟು, ಹೊರ ಅಂಚಿನಿಂದ ಗೋಡೆಯ ಕಡೆಗೆ ಸಣ್ಣ ಸಣ್ಣ ತುಂಡಾಗಿ ಕತ್ತರಿಸಿ ತೆಗೆಯಿರಿ. ಬಿಸಿಲು ಮಳೆಗೆ ಮರೆ ಬೇಕಾದರೆ ಆಮೇಲೆ ಹಗುರದ ಶೀಟಿನದು ಹಾಕಿಕೊಳ್ಳಬಹುದು.

ಯಾವ ಲಿಂಟಲ್?

ಕಾಂಕ್ರೀಟ್ ಲಿಂಟಲನ್ನು ನೆಲದ ಮೇಲೇ ಎರಕ ಹೊಯ್ದು ಎತ್ತಿ ಕೂರಿಸಬಹುದು. ಆದರೆ ತೂಕ ನೋಡಿ. ಆರು ಅಡಿ ಕಿಟಕಿಗೆ ಎರಡೂ ಪಕ್ಕ 9 ಇಂಚು ಬೇರಿಂಗ್ (ಲಿಂಟಲ್‌ನ ತುದಿ ಗೋಡೆಯ ಮೇಲೆ ಕೂರುವ ಉದ್ದ) ಸೇರಿ ಏಳೂವರೆ ಅಡಿ ಉದ್ದ ಬೇಕು. 9 ಇಂಚು ಅಗಲ, 6 ಇಂಚು ದಪ್ಪ ಅಂದರೂ ಅದು ಸುಮಾರು 200 ಕೆಜಿ. ತಾರಸಿಯ ಭಾರ ಬರುವ ಕಡೆ ಆರು ಇಂಚು ದಪ್ಪ ಸಾಲದೇ ಹೋಗಬಹುದು, ಆಗ ತೂಕ ಇನ್ನೂ ಜಾಸ್ತಿ. ತಲೆಯ ಮೇಲಿನ ಎತ್ತರದಲ್ಲಿ, ಅಟ್ಟಣಿಗೆಯ ಮೇಲೆ ನಿಂತು ಅಷ್ಟು ಭಾರವನ್ನು ಇಕ್ಕಟ್ಟಾದ ಗೂಡಿಗೆ ತಳ್ಳುವುದು ಅಪಾಯದ ಕೆಲಸ. ಜೊತೆಗೆ ಎರಕ ಹೊಯ್ದ ಮೇಲೆ ಪೂರ್ತಿ ಬಲ ಬರಲು 28 ದಿನ ಕಾಯಬೇಕು. ಕಾಂಕ್ರೀಟ್ ಲಿಂಟಲ್ಲೇ ಹಾಕುವುದಾದರೆ ದಪ್ಪ ಕಂಬಿ ಇರುವ ಬದಿ ಕೆಳಗೆ ಬರಬೇಕು. ಎರಕ ಹೊಯ್ದ ದಿನವೇ ಮೇಲ್ಬದಿಗೆ ಪೇಂಟಿನಲ್ಲಿ ‘ಮೇಲೆ’ ಅಂತ ಬರೆಯಿರಿ. ತಲೆಕೆಳಗಾಗಿ ಕೂತ ಲಿಂಟಲ್ ಹೊರನೋಟಕ್ಕೆ ಗೊತ್ತೇ ಆಗುವುದಿಲ್ಲ, ಭಾರ ಬಿದ್ದಾಗ ಕೆಳಗಿನಿಂದ ಸೀಳುತ್ತದೆ.

ಹಳೆ ಮನೆಗೆ ನನ್ನ ಆಯ್ಕೆ ಉಕ್ಕಿನ ಚಾನಲ್ (ಒಂದು ಕಡೆ ಚಪ್ಪಟೆ ಬೆನ್ನು, ಇನ್ನೊಂದು ಕಡೆ ತೆರೆದ ಬಾಯಿ ಇರುವ ತೊಲೆ), ಅದೂ ಜೋಡಿಯಾಗಿ. 150 ಮಿ.ಮೀ ಎತ್ತರದ ಚಾನಲ್ ಮೀಟರ್‌ಗೆ ಸುಮಾರು 17 ಕೆಜಿ ತೂಗುತ್ತದೆ. ಏಳೂವರೆ ಅಡಿ ತುಂಡು 40 ಕೆಜಿಯ ಒಳಗೇ. ಇಬ್ಬರು ಎತ್ತಬಹುದು. ಮಾಮೂಲಿ ಇಟ್ಟಿಗೆಯ ಎರಡು ವರಸೆ (ಅಡ್ಡ ಸಾಲು) ತೆಗೆದ ಜಾಗಕ್ಕೆ ಅದು ಸರಿಯಾಗಿ ಹಿಡಿಸುತ್ತದೆ, ಮೇಲೆ ಗಾರೆ ತುಂಬಲು ಒಂದಿಂಚು ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗೋಡೆಯ ಅರ್ಧ ದಪ್ಪಕ್ಕೆ ಒಂದು, ಇನ್ನರ್ಧಕ್ಕೆ ಇನ್ನೊಂದು ಅಂತ ಎರಡು ಸರದಿಯಲ್ಲಿ ಕೂರಿಸಬಹುದು. ಚಾನಲ್‌ಗಳನ್ನು ಮೊದಲೇ ಜೋಡಿಸಿ ಇಟ್ಟು, ಒಂದೂವರೆ ಅಡಿಗೊಂದರಂತೆ ಬೋಲ್ಟ್ ತೂತು ಎರಡಕ್ಕೂ ಒಟ್ಟಿಗೇ ಕೊರೆಸಿ. ತುಕ್ಕು ಉಜ್ಜಿ ತೆಗೆದು ಎರಡು ಕೋಟ್ ತುಕ್ಕು ನಿರೋಧಕ ಪ್ರೈಮರ್ ಹೊಡೆದು ಒಣಗಿಸಿ.

ಆಸರೆ

ಅರ್ಧ ಅರ್ಧ ವಿಧಾನದಲ್ಲಿ ಗೋಡೆ ಯಾವ ಹೊತ್ತಿನಲ್ಲೂ ಪೂರ್ತಿ ಖಾಲಿ ಆಗುವುದಿಲ್ಲ, ನಿಜ. ಆದರೂ ಒಳಗಡೆ ತಾರಸಿಗೆ ಆಸರೆ ಕೊಡಿ. ಗೋಡೆಯಿಂದ ಎರಡೂವರೆ ಅಡಿ ದೂರದಲ್ಲಿ ಸೆಂಟ್ರಿಂಗ್ ಜಾಕ್‌ಗಳ ಸಾಲು ಇರಲಿ, ಮೂರು ಅಡಿಗೊಂದರಂತೆ. ಸಾಲು ಹೊಸ ಕಿಟಕಿಗಿಂತ ಎರಡೂ ಕಡೆ ಒಂದೊಂದು ಜಾಕ್ ಹೆಚ್ಚು ಉದ್ದ ಇರಬೇಕು. ಮೇಲೆ ಗಟ್ಟಿ ಮರದ ತೊಲೆ, ಕೆಳಗೆ ದಪ್ಪ ಹಲಗೆ. ಟೈಲ್ಸ್ ಮೇಲೆ ಜಾಕನ್ನು ನೇರವಾಗಿ ನಿಲ್ಲಿಸಬೇಡಿ. ಮೇಲ್ಮಹಡಿಯ ಕೆಲಸವಾದರೆ ಅದೇ ನೇರಕ್ಕೆ ಕೆಳಮಹಡಿಯಲ್ಲೂ ಜಾಕ್ ಇರಬೇಕು, ಇಲ್ಲವಾದರೆ ಭಾರ ನಡುವಿನ ತಾರಸಿಯ ಮೇಲೆ ಬೀಳುತ್ತದೆ.

ಜಾಕ್ ತಿರುಗಿಸುವಾಗ ಕೈ ಹಿಡಿತದಲ್ಲಿರಲಿ. ತೊಲೆ ತಾರಸಿಗೆ ಬಿಗಿಯಾಗಿ ತಾಗಿದರೆ ಸಾಕು. ಇನ್ನೂ ತಿರುಗಿಸಿ ತಾರಸಿಯನ್ನು ಎತ್ತಲು ಹೋದರೆ ಬಿರುಕು ನೀವೇ ತಂದ ಹಾಗಾಗುತ್ತದೆ. ಮೇಲಿನ ಕೋಣೆಯ ಭಾರದ ಸಾಮಾನು ಸರಿಸಿ, ಆ ಕೆಲವು ದಿನ ಅಲ್ಲಿ ಯಾರೂ ಮಲಗದಿರಲಿ.

ಹಳೆ ಕಿಟಕಿಯ ಚೌಕಟ್ಟನ್ನು ಈಗ ಮುಟ್ಟಬೇಡಿ. ಹಳೆ ಮರದ ಲಿಂಟಲ್‌ಗಳು ವರ್ಷಗಳಲ್ಲಿ ಜಗ್ಗಿ ಚೌಕಟ್ಟಿನ ಮೇಲೆಯೇ ಕೂತಿರುತ್ತವೆ. ಕಿಟಕಿ ತೆರೆಯಲು ಬಿಗಿಯಾಗಿದ್ದರೆ ಇದೇ ಕಾರಣ ಇರಬಹುದು. ಅದು ಈಗ ನಿಮಗೆ ಪುಕ್ಕಟೆ ಆಸರೆ, ಕೊನೆವರೆಗೂ ಇರಲಿ.

ಹೊರಗಿನ ಅರ್ಧ, ಆಮೇಲೆ ಒಳಗಿನ ಅರ್ಧ

ಹೊಸ ಲಿಂಟಲ್ ಹಳೆ ಲಿಂಟಲ್‌ನ ಮೇಲೆ ಬರಬೇಕು, ಅದರ ಜಾಗದಲ್ಲಲ್ಲ. ಹಾಗೆ ಮಾಡಿದರೆ ಹಳೆ ಲಿಂಟಲ್ಲೂ ಹಳೆ ಕಿಟಕಿಯೂ ಕೊನೆಯ ದಿನದವರೆಗೆ ತಮ್ಮ ಕೆಲಸ ಮಾಡುತ್ತಿರುತ್ತವೆ. ಇದರಿಂದ ಕಿಟಕಿ ಆರೇಳು ಇಂಚು ಎತ್ತರವೂ ಆಗುತ್ತದೆ. ಬೇಡವಾದರೆ ಕೆಳಗೆ ಎರಡು ವರಸೆ ಇಟ್ಟಿಗೆ ಕಟ್ಟಿ ಸಿಲ್ (ಕಿಟಕಿಯ ಕೆಳ ಅಂಚು) ಏರಿಸಿದರಾಯಿತು.

ರಸಮಟ್ಟ ಅಥವಾ ನೀರಿನ ಟ್ಯೂಬ್ ಹಿಡಿದು ಗೋಡೆಯ ಎರಡೂ ಮುಖಕ್ಕೆ ಒಂದೇ ಮಟ್ಟದ ಗೆರೆ ಹಾಕಿ. ಗಿಲಾವನ್ನು ಕಟಿಂಗ್ ಮಷಿನ್‌ನಿಂದ ಗೆರೆಯ ಮೇಲೆ ಕತ್ತರಿಸಿ ತೆಗೆಯಿರಿ. ಕನ್ನಡಕ, ದೂಳು ತಡೆಯುವ ಮಾಸ್ಕ್, ಹೆಲ್ಮೆಟ್ ಹಾಕಿಕೊಳ್ಳದೆ ಯಾರೂ ಮಷಿನ್ ಹತ್ತಿರ ಹೋಗಬಾರದು. ಇಟ್ಟಿಗೆಯ ನಯ ದೂಳು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡುತ್ತದೆ.

ಮೊದಲು ಹೊರಮುಖದಲ್ಲಿ ಲಿಂಟಲ್‌ನ ಎರಡು ತುದಿ ಕೂರುವ ಜಾಗ ಮಾತ್ರ ಕೊರೆಯಿರಿ. ಹಳೆ ಮೆತ್ತನೆಯ ಇಟ್ಟಿಗೆಯ ಮೇಲೆ ಉಕ್ಕನ್ನು ನೇರವಾಗಿ ಕೂರಿಸಿದರೆ ಅದು ಇಟ್ಟಿಗೆಯನ್ನು ಅರೆಯುತ್ತದೆ. ಹಾಗಾಗಿ ಕೆಳಗೆ ಒಂದಡಿ ಉದ್ದ, ಆರು ಇಂಚು ದಪ್ಪದ ಕಾಂಕ್ರೀಟ್ ಬೆಡ್ ಬ್ಲಾಕ್ ಬೇಕು. ಮೊದಲೇ ಎರಕ ಹೊಯ್ದು ಗಟ್ಟಿಯಾದ ಬ್ಲಾಕ್ ಇಟ್ಟುಕೊಂಡಿದ್ದರೆ ಕಾಯುವ ದಿನ ಉಳಿಯುತ್ತದೆ. ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳಿನ ಗಾರೆಯಲ್ಲಿ ಕೂರಿಸಿ, ಎರಡೂ ಬ್ಲಾಕ್ ಒಂದೇ ಮಟ್ಟದಲ್ಲಿವೆಯೇ ನೋಡಿ. ಗಾರೆ ಬಿಗಿಯಾಗಲು ಮೂರು ದಿನ ಬಿಡಿ.

ಈಗ ಎರಡು ಬ್ಲಾಕ್‌ಗಳ ನಡುವೆ ಉದ್ದನೆಯ ಗೂಡು. ಆಳ ಗೋಡೆಯ ಅರ್ಧ ಮಾತ್ರ, 9 ಇಂಚಿನ ಗೋಡೆಗೆ ನಾಲ್ಕೂವರೆ ಇಂಚು. ದೊಡ್ಡ ಡ್ರಿಲ್ಲಿಂಗ್ ಬ್ರೇಕರ್ ಬೇಡವೇ ಬೇಡ, ಅದರ ನಡುಕಕ್ಕೆ ಹಳೆ ಗಾರೆ ಸುತ್ತಲೂ ಸಡಿಲ ಆಗುತ್ತದೆ. ಸಂದುಗಳನ್ನು ಮಷಿನ್‌ನಲ್ಲಿ ಕತ್ತರಿಸಿ, ಉಳಿ ಸುತ್ತಿಗೆಯಲ್ಲಿ ಒಂದೊಂದೇ ಇಟ್ಟಿಗೆ ಬಿಡಿಸಿ. ಗೋಡೆಗೆ ಅಡ್ಡಲಾಗಿ ಇಟ್ಟ ಇಟ್ಟಿಗೆಗಳು ಸಿಗುತ್ತವೆ, ಅವು ಎರಡೂ ಮುಖವನ್ನು ಕಟ್ಟಿ ಹಿಡಿಯುವಂಥವು. ಅವನ್ನು ಎಳೆಯಬೇಡಿ, ನಡುವಿಗೆ ಸರಿಯಾಗಿ ಕತ್ತರಿಸಿ. ಹಿಂದೆ ಉಳಿದ ಅರ್ಧ ತುಂಡು ಅಲುಗಾಡಿದರೆ ಗಾರೆ ಹಾಕಿ ಬಿಗಿ ಮಾಡಿ ಮುಂದೆ ಹೋಗಿ. ಗೂಡಿನ ಮೇಲ್ಭಾಗದಲ್ಲಿ ಸಡಿಲ ಇಟ್ಟಿಗೆ ಕಂಡರೆ ಅಲ್ಲಲ್ಲಿ ಸಣ್ಣ ಮರದ ಬೆಣೆ ಕೊಟ್ಟು ಹಿಡಿದಿಡಿ.

ಗೂಡು ಕೊರೆದ ದಿನವೇ ಚಾನಲ್ ಕೂರಬೇಕು. ಗೂಡನ್ನು ಖಾಲಿ ಬಿಟ್ಟು ರಾತ್ರಿ ಕಳೆಯಬೇಡಿ. ಬೆಡ್ ಬ್ಲಾಕ್ ಮೇಲೆ ಅರ್ಧ ಇಂಚು ಗಾರೆ ಹಾಸಿ, ಚಾನಲ್‌ನ ಬೆನ್ನು ಗೋಡೆಯ ನಡುವಿಗೆ, ತೆರೆದ ಬಾಯಿ ಹೊರಗೆ ಬರುವ ಹಾಗೆ ಇಡಿ. ಎರಡೂ ತುದಿ 9 ಇಂಚು ಕೂತಿದೆಯೇ ಅಳೆಯಿರಿ. ಹಳೆ ಗೋಡೆಗೆ 6 ಇಂಚಿಗಿಂತ ಕಡಿಮೆ ಬೇರಿಂಗ್ ಒಪ್ಪಬೇಡಿ. ಚಾನಲ್‌ನ ಬಾಯಿಯನ್ನು ಈಗಲೇ ತುಂಬಬೇಡಿ, ಬೋಲ್ಟ್ ಹಾಕಲು ಜಾಗ ಬೇಕು.

ಮೇಲಿನ ಒಂದಿಂಚು

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಗಮನ ಕೊಡಿ ಅನ್ನುವುದು ಇಲ್ಲಿ. ಲಿಂಟಲ್‌ಗೂ ಮೇಲಿನ ಹಳೆ ಇಟ್ಟಿಗೆಗೂ ನಡುವೆ ಒಂದಿಂಚು ಸಂದು ಉಳಿದಿದೆ. ಅದನ್ನು ಕರಣೆಯಲ್ಲಿ ಮುಂದಿನಿಂದ ಒದ್ದೆ ಗಾರೆ ಮೆತ್ತಿ ಮುಚ್ಚಿಬಿಡುವುದು ಸುಲಭ. ಮೇಲೆ ಗಿಲಾವು ಬಂದರೆ ಯಾರಿಗೂ ಕಾಣುವುದಿಲ್ಲ. ಆದರೆ ಹಿಂದೆ ಖಾಲಿ ಉಳಿದಿರುತ್ತದೆ, ಒದ್ದೆ ಗಾರೆ ಒಣಗುತ್ತಾ ಕುಗ್ಗುತ್ತದೆ. ಕೆಳಗಿನ ಇಟ್ಟಿಗೆ ತೆಗೆದಾಗ ಮೇಲಿನ ಗೋಡೆ ಆ ಖಾಲಿ ಜಾಗ ತುಂಬುವಷ್ಟು ಕೆಳಗೆ ಇಳಿಯುತ್ತದೆ. ಹೊಸ ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು ಹುಟ್ಟುವುದು ಹೆಚ್ಚಾಗಿ ಹೀಗೇ. ಲಿಂಟಲ್ ಎಷ್ಟೇ ಗಟ್ಟಿ ಇದ್ದರೂ ಇದಕ್ಕೆ ಅದು ಏನೂ ಮಾಡಲಾರದು.

ಇಲ್ಲಿಗೆ ಬೇಕಾದ್ದು ಅರೆ ಒಣ ಗಾರೆ. ಒಂದು ಪಾಲು ಸಿಮೆಂಟ್, ಎರಡೂವರೆಯಿಂದ ಮೂರು ಪಾಲು ಜರಡಿ ಹಿಡಿದ ಮರಳು, ನೀರು ಚಿಮುಕಿಸಿದಷ್ಟು ಮಾತ್ರ. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ಆಗಬೇಕು, ಅಂಗೈಗೆ ನೀರು ಅಂಟಬಾರದು. ಸಂದಿನ ದೂಳು ಊದಿ ತೆಗೆದು, ಹಳೆ ಇಟ್ಟಿಗೆಯ ತಳವನ್ನು ಒದ್ದೆ ಮಾಡಿ. ಮೊದಲು ಒಂದೊಂದು ಅಡಿಗೆ ಉಕ್ಕಿನ ಚಪ್ಪಟೆ ಬೆಣೆಗಳನ್ನು ಎದುರುಬದುರಾಗಿ ಜೋಡಿ ಹೊಡೆದು ಬಿಗಿ ಮಾಡಿ. ಭಾರ ಆಗಲೇ ಲಿಂಟಲ್ ಮೇಲೆ ಇಳಿಯತೊಡಗುತ್ತದೆ. ಆಮೇಲೆ ಬೆಣೆಗಳ ನಡುವೆ ಗಾರೆಯನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಸಂದಿನೊಳಗೆ ಹೋಗುವಂಥ ಮರದ ಪಟ್ಟಿ ಹಿಡಿದು ಸುತ್ತಿಗೆಯಿಂದ ಜಜ್ಜಿ. ಹಿಂದಿನಿಂದ ಮುಂದಕ್ಕೆ ಪದರ ಪದರವಾಗಿ ಬನ್ನಿ. ಸುತ್ತಿಗೆಯ ಸದ್ದು ಗಟ್ಟಿಯಾಗಿ ಕೇಳುವವರೆಗೆ ಜಜ್ಜಬೇಕು. ಆರು ಅಡಿ ಸಂದಿಗೆ ಬೇಸರ ಬರುವಷ್ಟು ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಕುಗ್ಗದ ಗ್ರೌಟ್ (ಸಂದು ತುಂಬುವ ಸಿದ್ಧ ಮಿಶ್ರಣ) ಸಿಕ್ಕಿದರೆ ಅದೂ ಒಳ್ಳೆಯದೇ, ಆದರೆ ಅದನ್ನೂ ಹಿಂದಿನವರೆಗೆ ತುಂಬಲೇಬೇಕು.

ಹೊರಗಿನ ಅರ್ಧಕ್ಕೆ ಒಂದು ವಾರ ಕೊಡಿ, ಗಾರೆಯನ್ನು ಒದ್ದೆಯಾಗಿಡಿ. ಆಮೇಲೆ ಒಳಮುಖದಲ್ಲಿ ಇದೇ ಕ್ರಮ: ಬೆಡ್ ಬ್ಲಾಕ್, ಗೂಡು, ಚಾನಲ್, ಬೆಣೆ, ಜಜ್ಜಿದ ಗಾರೆ. ಎರಡೂ ಚಾನಲ್‌ಗಳ ಬೆನ್ನು ಈಗ ಎದುರೆದುರು ಬರುತ್ತವೆ. ಬೋಲ್ಟ್ ತೂರಿಸಿ ಬಿಗಿ ಮಾಡಿ. ನಂತರ ಚಾನಲ್‌ನ ಬಾಯಿಗಳನ್ನು ಸಣ್ಣ ಜಲ್ಲಿಯ ಕಾಂಕ್ರೀಟ್‌ನಿಂದ ತುಂಬಿ. ಹೊರಗಿನ ಅಂಚಿಗೆ ಒಂದೂವರೆ ಇಂಚು ಕಾಂಕ್ರೀಟ್ ಮುಚ್ಚಿದರೆ ಮಳೆ ನೀರು ಉಕ್ಕಿಗೆ ಬೇಗ ತಲುಪುವುದಿಲ್ಲ. ಇನ್ನೊಂದು ವಾರ ಕಾಯಿರಿ.

ಗೋಡೆ ನಾಲ್ಕೂವರೆ ಇಂಚಿನದಾದರೆ

ಅರ್ಧ ಅರ್ಧ ಮಾಡುವುದಕ್ಕೆ ಇಲ್ಲಿ ದಪ್ಪವೇ ಇಲ್ಲ. ಆಗ ಹೊಸ ಲಿಂಟಲ್ ಜಾಗಕ್ಕಿಂತ ಎರಡು ಮೂರು ವರಸೆ ಮೇಲೆ ಗೋಡೆಗೆ ತೂತು ಕೊರೆದು, ಗಟ್ಟಿ ಮರದ ಅಥವಾ ಉಕ್ಕಿನ ತುಂಡು ತೊಲೆಗಳನ್ನು ಗೋಡೆಗೆ ಅಡ್ಡಲಾಗಿ ತೂರಿಸಬೇಕು. ಪ್ರತಿ ತೊಲೆಗೂ ಒಳಗೊಂದು ಹೊರಗೊಂದು ಜಾಕ್. ತೊಲೆಗಳ ನಡುವೆ ಮೂರು ಅಡಿಗಿಂತ ಜಾಸ್ತಿ ಬೇಡ, ಸುಣ್ಣದ ಗಾರೆಯಾದರೆ ಎರಡೇ ಅಡಿ ಇರಲಿ. ತೊಲೆಗೂ ಇಟ್ಟಿಗೆಗೂ ನಡುವೆ ಗಾರೆ ಜಜ್ಜಿ ಬಿಗಿ ಮಾಡಿದ ಮೇಲೆಯೇ ಕೆಳಗೆ ಕೊರೆಯುವುದು. ಇದರಲ್ಲಿ ಗೋಡೆ ನಿಜಕ್ಕೂ ತೊಲೆಗಳ ಮೇಲೆ ತೂಗಿಕೊಂಡಿರುತ್ತದೆ. ಈ ಕೆಲಸ ಮಾಡಿ ಅನುಭವ ಇರುವ ಮೇಸ್ತ್ರಿಯೇ ಬೇಕು, ಹತ್ತಿರ ನಿಂತು ನೋಡುವ ಎಂಜಿನಿಯರ್ ಬೇಕು.

ಬಾಯಿ ತೆರೆಯುವ ದಿನ

ಈಗ ಹಳೆ ಕಿಟಕಿ ತೆಗೆಯಬಹುದು. ತಾರಸಿಯ ಜಾಕ್‌ಗಳು ಇನ್ನೂ ನಿಂತಿರಲಿ. ಹಳೆ ಲಿಂಟಲ್ ಇಳಿಸುವಾಗ ಕೆಳಗೆ ಎರಡು ಜಾಕ್ ಕೊಟ್ಟು, ನಡುವೆ ಕತ್ತರಿಸಿ ತುಂಡು ತುಂಡಾಗಿ ಇಳಿಸಿ. ಪಕ್ಕದ ಇಟ್ಟಿಗೆಗಳನ್ನು ಮೇಲಿನಿಂದ ಕೆಳಗೆ, ವರಸೆ ವರಸೆಯಾಗಿ ಬಿಡಿಸಿ. ಗೆರೆಗಿಂತ ಎರಡು ಇಂಚು ಹೊರಗೆ ಒಡೆದರೂ ಬೆಡ್ ಬ್ಲಾಕ್‌ನ ಕೆಳಗಿನ ಗೋಡೆ ಹಾಳಾಗುತ್ತದೆ, ಇಡೀ ಭಾರ ಬರುವ ಜಾಗವೇ ಅದು. ಹಾಗಾಗಿ ಎರಡೂ ಮುಖದಿಂದ ಮಷಿನ್‌ನಲ್ಲಿ ಕತ್ತರಿಸಿಕೊಂಡು ಆಮೇಲೆ ಉಳಿ ಹಿಡಿಯಿರಿ. ಒರಟಾಗಿ ಉಳಿದ ಪಕ್ಕೆಯನ್ನು ನೀರಲ್ಲಿ ನೆನೆಸಿದ ಅರ್ಧ ಇಟ್ಟಿಗೆಗಳಿಂದ ಕಟ್ಟಿ, ತೂಗುಗುಂಡು ಬಿಟ್ಟು ನೇರ ಮಾಡಿ. ಹಳೆ ಮೆತ್ತನೆಯ ಗೋಡೆಗೆ ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳಿನ ಗಾರೆ ಹೊಂದುತ್ತದೆ. ತುಂಬ ಗಡುಸು ಗಾರೆ ಹಾಕಿದರೆ ಮುಂದೆ ಸಂದಿನ ಬದಲು ಇಟ್ಟಿಗೆಯೇ ಸೀಳುತ್ತದೆ.

ಎರಡು ದಿನ ಬಿಟ್ಟು ಜಾಕ್‌ಗಳನ್ನು ಸಡಿಲಿಸಿ. ಎಲ್ಲವನ್ನೂ ಒಟ್ಟಿಗೆ ಕೀಳಬೇಡಿ. ಒಂದೊಂದನ್ನೂ ಕಾಲು ಸುತ್ತು ತಿರುಗಿಸುತ್ತಾ ಸಾಲು ಪೂರ್ತಿ ಹೋಗಿ, ಮತ್ತೆ ಮೊದಲಿನಿಂದ ಬನ್ನಿ. ಜಿಪ್ಸಮ್ ಬಿಲ್ಲೆಗಳನ್ನು ನೋಡುತ್ತಿರಿ.

ಚೌಕಟ್ಟು, ಗಿಲಾವು

ಹೊಸ ಚೌಕಟ್ಟಿನ ಅಳತೆಯನ್ನು ಬಾಯಿ ತೆರೆದ ಮೇಲೆ ಮೂರು ಕಡೆ ಅಗಲ, ಮೂರು ಕಡೆ ಎತ್ತರ ಅಳೆದು, ಅತಿ ಕಡಿಮೆ ಬಂದದ್ದರ ಮೇಲೆ ಕೊಡಿ. ಪಕ್ಕಕ್ಕೆ, ಮೇಲಕ್ಕೆ ತಲಾ 10 ಮಿ.ಮೀ ಬಿಡಿ. ಮೇಲಿನ ಆ ಬಿಡುವಿಗೆ ಕಾರಣ ಇದೆ. ಆರು ಅಡಿ ಲಿಂಟಲ್ ಪೂರ್ತಿ ಭಾರ ಬಂದಾಗ ನಡುವೆ ನಾಲ್ಕೈದು ಮಿ.ಮೀ ಬಗ್ಗುವುದು ಸಹಜ. ಚೌಕಟ್ಟು ಲಿಂಟಲ್‌ಗೆ ಒತ್ತಿ ಕೂತಿದ್ದರೆ ಜಾರುವ ಕಿಟಕಿ ಕೆಲವೇ ತಿಂಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಈ ಸಂದಿಗೆ ಗಾರೆ ಬೇಡ. ಫೋಮ್ ತುಂಬಿ ಹೊರಗಿನಿಂದ ಸೀಲಂಟ್ ಹಚ್ಚಿ.

ಗಿಲಾವಿಗೆ ಅವಸರ ಬೇಡ, ಎರಡು ಮೂರು ವಾರ ಗೋಡೆ ಹೊಸ ಭಾರಕ್ಕೆ ಒಗ್ಗಿಕೊಳ್ಳಲಿ. ಲಿಂಟಲ್‌ಗೂ ಹಳೆ ಇಟ್ಟಿಗೆಗೂ ಸೇರುವ ಕಡೆ ಕೋಳಿ ಜಾಲರಿ ಬಡಿದು, ಎರಡೂ ಬದಿಗೆ ಆರಾರು ಇಂಚು ಹರಡಿ, ಅದರ ಮೇಲೆ ಗಿಲಾವು ಹಾಕಿಸಿ. ಹೊರಗಡೆ ಲಿಂಟಲ್‌ನ ತಳದ ಗಿಲಾವಿನಲ್ಲಿ ಅಂಚಿನಿಂದ ಒಂದಿಂಚು ಒಳಗೆ ಉದ್ದಕ್ಕೆ ಒಂದು ಗೀರು ಎಳೆಸಿ. ಗೋಡೆ ಮೇಲಿಂದ ಇಳಿದ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಚೌಕಟ್ಟಿನ ತಲೆಗೆ ಹೋಗುವುದಿಲ್ಲ.

ಮೊದಲ ಕೆಲವು ತಿಂಗಳಲ್ಲಿ ಗಿಲಾವಿನ ಮೇಲೆ ಕೂದಲೆಳೆಯ ಬಿರುಕು ಬಂದರೆ ಗಾಬರಿ ಬೇಡ, ಮುಂದಿನ ಬಣ್ಣದಲ್ಲಿ ಮುಚ್ಚಬಹುದು. ಕಿಟಕಿಯ ಮೂಲೆಯಿಂದ ಇಟ್ಟಿಗೆ ಸಂದು ಹಿಡಿದು ಮೆಟ್ಟಿಲಾಗಿ ಏರುವ ಬಿರುಕು, ಅದೂ ಎರಡು ಮೂರು ಮಿ.ಮೀ ಅಗಲದ್ದು ಅಥವಾ ವಾರ ವಾರಕ್ಕೂ ಬೆಳೆಯುವಂಥದ್ದು ಕಂಡರೆ, ಅಥವಾ ಬೆಡ್ ಬ್ಲಾಕ್ ಕೆಳಗೆ ನೇರ ಸೀಳು ಕಂಡರೆ, ಅದೇ ದಿನ ತಾರಸಿಗೆ ಜಾಕ್ ವಾಪಸ್ ಕೊಟ್ಟು ಎಂಜಿನಿಯರ್‌ನ ಕರೆಸಿ.